ಬಿಳಿ ಬೂಷ್ಟು: ಬಿತ್ತುವ ಮುಂಚಿನ ಮಾತು

(ಸಾನಪಾಡಾದ ನಮ್ಮ ಉಚಿತ ವಾಚನಾಲಯದಲ್ಲಿ ಸದಸ್ಯರ ಮುಂದೆ ಮಾಡಿದ ಭಾಷಣ)



ರೈಲುಗಾಡಿಯ ಸದ್ದು ಕೇಳುವ ಈ ವಾಚನಾಲಯದಲ್ಲಿ ಕುಳಿತು ಬೆಳೆಯ ರೋಗದ ಮಾತನ್ನು ಏತಕ್ಕೆ ಆಡಬೇಕು ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ನಾವು ಇಲ್ಲಿ ಉಳುವವರಲ್ಲ, ಬಿತ್ತುವವರಲ್ಲ. ನಮ್ಮಲ್ಲಿ ಕೆಲವರು ಕಚೇರಿಯಲ್ಲಿ ಲೆಕ್ಕ ಬರೆಯುತ್ತೇವೆ; ಕೆಲವರು ಹೋಟೆಲಿನಲ್ಲಿ ದುಡಿಯುತ್ತೇವೆ; ಕೆಲವರು ವಾಶಿಯ ಮಾರುಕಟ್ಟೆಯಲ್ಲಿ ಮೂಟೆ ಇಳಿಸುತ್ತೇವೆ; ಕೆಲವರು ಕಟ್ಟಡದ ಕೆಲಸಕ್ಕೆ ಹೋಗುತ್ತೇವೆ. ಆದರೆ ಒಂದು ಮಾತನ್ನು ನಮ್ಮಷ್ಟಕ್ಕೆ ನಾವೇ ಕೇಳಿಕೊಳ್ಳೋಣ. ತಿಂಗಳ ಮೊದಲ ವಾರದಲ್ಲಿ ನಾವು ಊರಿಗೆ ಕಳಿಸುವ ಹಣದಲ್ಲಿ ಎಷ್ಟು ಭಾಗ ಹೊಲಕ್ಕೆ ಹೋಗುತ್ತದೆ? ಬೀಜಕ್ಕೆ, ಗೊಬ್ಬರಕ್ಕೆ, ಔಷಧಕ್ಕೆ ಎಂದು ಫೋನು ಬಂದಾಗ ಇಲ್ಲವೆನ್ನಲು ನಮ್ಮಲ್ಲಿ ಯಾರಿಗೆ ಬಾಯಿ ಬರುತ್ತದೆ? ಆದುದರಿಂದ ನಾವು ಉಳದಿದ್ದರೂ ಒಕ್ಕಲುತನದಲ್ಲಿ ಪಾಲುಗಾರರೇ. ಪಾಲುಗಾರನಾದವನಿಗೆ ತನ್ನ ಹಣ ಮಣ್ಣಿನಲ್ಲಿ ಏನಾಗುತ್ತದೆ ಎಂಬ ತಿಳುವಳಿಕೆ ಬೇಡವೇ?

ನಮ್ಮ ಮನೆಯ ಸಂಗತಿಯಿಂದಲೇ ಪ್ರಾರಂಭಿಸುತ್ತೇವೆ. ಗದಗ ಜಿಲ್ಲೆಯ ಮುಂಡರಗಿ ಕಡೆಗೆ ನಮ್ಮದು ಸ್ವಲ್ಪ ಮಸಾರಿ ಹೊಲವುಂಟು. ಅಣ್ಣ ಅಲ್ಲಿ ಶೇಂಗಾ ಹಾಕುತ್ತಾನೆ. ಕರಾವಳಿಯವರು ಇದನ್ನೇ ನೆಲಗಡಲೆ ಎನ್ನುತ್ತಾರೆ, ಮೈಸೂರು ಕಡೆಯವರು ಕಡಲೆಕಾಯಿ ಎನ್ನುತ್ತಾರೆ. ಕೆಲವು ವರ್ಷಗಳ ಕೆಳಗೆ, ಬಿತ್ತಿ ಎರಡು ತಿಂಗಳಾಗಿದ್ದಾಗ, ಒಂದು ರಾತ್ರಿ ಅಣ್ಣನ ಫೋನು ಬಂತು. "ತಮ್ಮಾ, ಶೇಂಗಾ ಬುಡದಾಗ ಬೆಳ್ಳಗ ಹತ್ತಿ ಹಿಂಜಿಟ್ಟಂಗ ಆಗೇತಿ. ಗಿಡ ಜಗ್ಗಿದ್ರ ಕಾಯಿ ನೆಲದಾಗ ಉಳೀತಾವ, ಬರೇ ಕಡ್ಡಿ ಕೈಯಾಗ ಬರ್ತೈತಿ. ಔಷಧಕ್ಕ ಏನರ ರೊಕ್ಕ ಕಳಸಾಕ ಆಗತೈತೇನು?" ಎಂದು ಕೇಳಿದ. ನಾವು ಮರುದಿನವೇ ಮೂರು ಸಾವಿರ ರೂಪಾಯಿ ಕಳಿಸಿದೆವು. ಅಂಗಡಿಯವರು ಒಂದು ಬಾಟಲಿ ಕೊಟ್ಟರು. ಅಣ್ಣ ಅದನ್ನು ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಎಲೆಗಳ ಮೇಲೆಲ್ಲ ಹೊಡೆದ. ಎಲೆ ತೊಳೆದಂತೆ ಹೊಳೆಯಿತು. ಗಿಡಗಳು ಮಾತ್ರ ಒಂದರ ಬಳಿಕ ಒಂದು ಒಣಗುತ್ತಲೇ ಹೋದವು. ಮರುವರ್ಷವೂ ಅದೇ ಹೊಲ, ಅದೇ ಶೇಂಗಾ, ಅದೇ ಬಿಳುಪು, ಮತ್ತೆ ಅದೇ ಫೋನು. ಆಗಲೇ ನಮಗೆ ಹೊಳೆದದ್ದು, ರೋಗವಿದ್ದದ್ದು ಮಣ್ಣಿನಲ್ಲಿ, ನಾವು ಹಣ ಸುರಿದದ್ದು ಎಲೆಯ ಮೇಲೆ ಎಂದು.

ಈ ಬಿಳುಪು ಏನು? ಇದು ಒಂದು ಶಿಲೀಂಧ್ರ, ನಮ್ಮ ಆಡುಮಾತಿನ ಬೂಷ್ಟು. ರೊಟ್ಟಿಯ ಮೇಲೆ, ಉಪ್ಪಿನಕಾಯಿಯ ಮೇಲೆ, ಮಳೆಗಾಲದಲ್ಲಿ ಚಪ್ಪಲಿಯ ಮೇಲೆ ಬರುವ ಬೂಷ್ಟಿನ ನೆಂಟನೇ. ಬೂಷ್ಟಿಗೆ ಹಸಿರು ಇಲ್ಲ. ಗಿಡದ ಹಾಗೆ ಬಿಸಿಲಿನಲ್ಲಿ ತನ್ನ ಅನ್ನವನ್ನು ತಾನು ಬೇಯಿಸಿಕೊಳ್ಳಲು ಅದಕ್ಕೆ ಬಾರದು. ಆದುದರಿಂದ ಸತ್ತದ್ದನ್ನೋ ಬದುಕಿರುವುದನ್ನೋ ತಿಂದು ಬಾಳಬೇಕು. ನಾವು ಹೇಳುತ್ತಿರುವ ಈ ಬೂಷ್ಟಿಗೆ ಶಾಸ್ತ್ರಜ್ಞರು ಇಟ್ಟ ಹೆಸರು ಸ್ಕ್ಲೆರೋಶಿಯಮ್ ರಾಲ್ಫ್‌ಸಿ. ಅಮೆರಿಕದ ಫ್ಲಾರಿಡಾದಲ್ಲಿ ಪೀಟರ್ ಹೆನ್ರಿ ರಾಲ್ಫ್ಸ್ ಎಂಬವರು 1892ರಲ್ಲಿ ಟೊಮೇಟೋ ಗಿಡಗಳು ಇದರಿಂದ ಸಾಯುತ್ತಿದ್ದುದನ್ನು ಕಂಡು ವರದಿ ಮಾಡಿದರು. 1911ರಲ್ಲಿ ಇಟಲಿಯ ಸಕಾರ್ಡೋ ಎಂಬ ಪಂಡಿತರು ಅವರ ಹೆಸರನ್ನೇ ಬೂಷ್ಟಿಗೆ ಕೊಟ್ಟರು. ಕನ್ನಡದಲ್ಲಿ ಇದು ತರುವ ಕಾಯಿಲೆಗೆ ಬುಡಕೊಳೆ ರೋಗ, ಕಾಂಡಕೊಳೆ ರೋಗ ಎನ್ನುತ್ತಾರೆ.

ಇದರ ಹೊಟ್ಟೆ ದೊಡ್ಡದು. ಐದುನೂರಕ್ಕೂ ಮೇಲ್ಪಟ್ಟ ಜಾತಿಯ ಸಸ್ಯಗಳನ್ನು ಇದು ಹಿಡಿಯುತ್ತದೆ. ಶೇಂಗಾ, ಸೋಯಾ ಅವರೆ, ಕಡಲೆ, ಮೆಣಸಿನಕಾಯಿ, ಟೊಮೇಟೋ, ಉಳ್ಳಾಗಡ್ಡಿ, ಬಟಾಟೆ, ವೀಳ್ಯದೆಲೆಯ ಬಳ್ಳಿ, ಮಲ್ಲಿಗೆ ಇವೆಲ್ಲ ಇದರ ಆಹಾರವೇ. ಧಾರವಾಡ, ಬೆಳಗಾವಿ, ಹಾಸನ ಕಡೆಯ ಬಟಾಟೆ ಬೆಳೆಗಾರರು ಇದನ್ನು ಬಲ್ಲರು. ವಾಶಿಯ ಕಾಂದಾ ಬಟಾಟಾ ಮಾರುಕಟ್ಟೆಯಲ್ಲಿ ಕೆಲಸ ಮಾಡುವ ನಮ್ಮ ಸದಸ್ಯರೂ ಎಂದಾದರೂ ಕಂಡಿರಬಹುದು. ಕೊಳೆತ ಗಡ್ಡೆಯ ಮೇಲೆ ಬಿಳಿ ನೂಲು, ಅದರ ನಡುವೆ ಸಾಸಿವೆ ಚೆಲ್ಲಿದಂತೆ ಕಂದು ಕಾಳು ಇದ್ದರೆ ಅದು ಇದೇ.

ಆ ಸಾಸಿವೆಯೇ ಈ ಕಥೆಯ ಮುಖ್ಯ ಪಾತ್ರ. ದಯವಿಟ್ಟು ಇದನ್ನು ಗಮನವಿಟ್ಟು ಕೇಳಬೇಕು. ಬಿಳಿ ನೂಲು ನಾಲ್ಕು ದಿನದ್ದು. ಬಿಸಿಲು ಬಿದ್ದರೆ, ಒಣ ಗಾಳಿ ಬೀಸಿದರೆ ಅದು ಕಣ್ಮರೆಯಾಗುತ್ತದೆ. ಒಕ್ಕಲಿಗ ರೋಗ ಹೋಯಿತೆಂದು ನಿಟ್ಟುಸಿರು ಬಿಡುತ್ತಾನೆ. ಆದರೆ ಹೋಗುವ ಮುಂಚೆ ಆ ನೂಲು ಅಲ್ಲಲ್ಲಿ ಗಂಟು ಕಟ್ಟಿಕೊಂಡು ಉಂಡೆಯಾಗಿರುತ್ತದೆ. ಮೊದಲು ಬಿಳಿ, ಆಮೇಲೆ ಹಳದಿ, ಕೊನೆಗೆ ಕಾಫಿಬೀಜದ ಬಣ್ಣ. ಗಾತ್ರ ಒಂದರಿಂದ ಎರಡು ಮಿಲಿಮೀಟರು. ಹೊರಗೆ ಗಟ್ಟಿ ಸಿಪ್ಪೆ, ಒಳಗೆ ಕೂಡಿಟ್ಟ ಆಹಾರ. ಈ ಕಾಳು ಮಣ್ಣಿನ ಮೇಲ್ಪದರದಲ್ಲಿ ವರ್ಷಗಟ್ಟಲೆ ಸತ್ತಂತೆ ಮಲಗಿರಬಲ್ಲುದು. ಒಣಗಿದ ನೆಲಕ್ಕೆ ಮಳೆ ಬಿದ್ದು, ಉದುರಿದ ಎಲೆಗಳು ಕೊಳೆಯತೊಡಗಿ, ಅದರ ವಾಸನೆ ಹತ್ತಿದೊಡನೆ ಎದ್ದು ಕೂಡುತ್ತದೆ. ಮೊದಲು ಆ ಕೊಳೆತ ಎಲೆಯನ್ನು ತಿಂದು ಬಲ ಹೊಂದುತ್ತದೆ. ಆಮೇಲೆ ಪಕ್ಕದ ಗಿಡದ ಬುಡಕ್ಕೆ ಏರುತ್ತದೆ. ಆಗ ಅದು ಮಾಡುವ ಕೆಲಸ ಬಹು ಜಾಣತನದ್ದು. ಆಕ್ಸಾಲಿಕ್ ಆಮ್ಲವೆಂಬ ಹುಳಿಯನ್ನು ತನ್ನ ಮುಂದೆ ಉಗುಳಿ, ಗಿಡದ ಮಾಂಸವನ್ನು ಮೊದಲು ಕೊಂದು, ಅನಂತರ ಊಟಕ್ಕೆ ಕೂಡುತ್ತದೆ. ಇಪ್ಪತ್ತೈದರಿಂದ ಮೂವತ್ತೈದು ಡಿಗ್ರಿ ಸೆಖೆ, ಒದ್ದೆ ನೆಲ, ದಟ್ಟವಾಗಿ ಮುಚ್ಚಿದ ಎಲೆ, ಇಷ್ಟಿದ್ದರೆ ಅದಕ್ಕೆ ಹಬ್ಬ. ಒಂದು ಗಿಡದಿಂದ ಇನ್ನೊಂದಕ್ಕೆ ನೆಲದ ಮೇಲೆಯೇ ನಡೆದು ಹೋಗುತ್ತದೆ. ಅದಕ್ಕೇ ಹೊಲದಲ್ಲಿ ಗುಂಡಗೆ ತೇಪೆ ಹಾಕಿದಂತೆ ಗಿಡ ಒಣಗಿರುವುದು.

ಈಗ ಯೋಚಿಸಿರಿ. ಎಲೆಯ ಮೇಲೆ ಹೊಡೆದ ಔಷಧ ಮಣ್ಣಿನಲ್ಲಿ ಮಲಗಿರುವ ಸಾಸಿವೆಯನ್ನು ಏನು ಮಾಡೀತು? ಮನೆಯ ಮಾಳಿಗೆಯ ಮೇಲೆ ಕೋಲು ಹಿಡಿದು ಕಾದರೆ ನೆಲಮಾಳಿಗೆಯ ಇಲಿ ಸಾಯುವುದೇ?

ಇಲ್ಲಿ ಇನ್ನೊಂದು ಮಾತು ಹೇಳಬೇಕಾಗಿದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಹಾಗೆ, ಗಿಡದಲ್ಲಿ ಬೆಳ್ಳಗೆ ಕಂಡದ್ದೆಲ್ಲ ಈ ರೋಗವಲ್ಲ. ಎಲೆಯ ಮೇಲೆ ಹಿಟ್ಟು ಚಿಮುಕಿಸಿದಂತಿದ್ದರೆ ಅದು ಬೂದಿ ರೋಗ. ಅದರ ಜಾತಿ ಬೇರೆ, ಮದ್ದು ಬೇರೆ. ಎಲೆಯ ಸಂದಿಯಲ್ಲಿ ಹತ್ತಿಯ ತುಣುಕಿನಂತೆ ಅಂಟಿಕೊಂಡು, ಕಡ್ಡಿಯಿಂದ ಮುಟ್ಟಿದರೆ ಮೆಲ್ಲಗೆ ಸರಿಯುವುದು ಹಿಟ್ಟು ತಿಗಣೆ. ಅದು ಬೂಷ್ಟೇ ಅಲ್ಲ, ಹುಳು. ಕುಂಡದ ಅಂಚಿನಲ್ಲಿ ಸುಣ್ಣದಂತೆ ಗಟ್ಟಿಯಾಗಿ ಕಟ್ಟಿರುವುದು ನೀರಿನ ಉಪ್ಪು. ಕೊಳೆಯುತ್ತಿರುವ ಎಲೆಗೊಬ್ಬರದಲ್ಲಿ ಬಿಳಿ ನೂಲು ಕಂಡು, ಗಿಡ ಮಾತ್ರ ನಗುನಗುತ್ತ ಇದ್ದರೆ, ಅದು ಕಸವನ್ನು ಗೊಬ್ಬರ ಮಾಡುವ ಉಪಕಾರಿ ಬೂಷ್ಟು, ಅದನ್ನು ಓಡಿಸಬೇಡಿ. ಇನ್ನು ಚಳಿಯ ಸೀಮೆಗಳಲ್ಲಿ ಸೂರ್ಯಕಾಂತಿ, ಬಟಾಣಿ, ಸಾಸಿವೆ ಬೆಳೆಗಳಿಗೆ ಬರುವ ಸ್ಕ್ಲೆರೋಟಿನಿಯಾ ಎಂಬ ಬಿಳಿ ಬೂಷ್ಟು ಉಂಟು. ಅದರ ಕಾಳು ಸಾಸಿವೆಯಂತಲ್ಲ, ಇಲಿಯ ಹಿಕ್ಕೆಯಂತೆ ಕಪ್ಪಗೆ ದೊಡ್ಡದು. ನಮ್ಮ ಸೆಖೆಯ ನಾಡಿನ ಬುಡದ ಬಿಳುಪಿಗೆ ಮೂರು ಗುರುತು: ಬಿಳುಪು ಮಣ್ಣು ಮುಟ್ಟುವ ಕಾಂಡದ ಬುಡದಲ್ಲಿರಬೇಕು; ಗಿಡದ ಒಂದು ಕೊಂಬೆಯೋ ಇಡೀ ಗಿಡವೋ ಹಳದಿಯಾಗಿ ಬಾಡಿರಬೇಕು; ಬುಡದ ಮಣ್ಣನ್ನು ಕೆದಕಿದರೆ ಸಾಸಿವೆ ಕಾಣಬೇಕು. ಊರಿನಿಂದ ಫೋನು ಬಂದಾಗ ಈ ಮೂರನ್ನು ಕೇಳಿರಿ. ಸಾಧ್ಯವಾದರೆ ಫೋಟೋ ತರಿಸಿಕೊಳ್ಳಿರಿ. ಆಮೇಲೆ ಹಣದ ಮಾತು.

ರೋಗ ಕಂಡ ಮೇಲೆ ಓಡುವುದಕ್ಕಿಂತ ಮುಂಚಿತವಾಗಿ ನಿಲ್ಲುವುದು ಲೇಸೆಂಬ ಪಾಠ ನಮ್ಮ ನಾಡಿಗೆ ಹೊಸದಲ್ಲ. ಮಲೆನಾಡಿನ ಅಡಿಕೆ ತೋಟದ ಕೊಳೆರೋಗದ ಕಥೆಯನ್ನು ಆ ಕಡೆಯ ಸದಸ್ಯರು ಬಲ್ಲರು. ಅದು ಬೇರೆ ಜಾತಿಯ ರೋಗ. ಮಳೆಯ ಹನಿಯೊಂದಿಗೆ ಗೊನೆಯಿಂದ ಗೊನೆಗೆ ಹರಡುವಂಥದು. ಅಡಿಕೆಕಾಯಿಯ ಮೇಲೆ ಅದೂ ಬೆಳ್ಳಗೆ ಹಬ್ಬುತ್ತದೆ. ಹಿಂದಿನವರು ಗೊನೆಗೆ ಹಾಳೆಯ ಕೊಟ್ಟೆ ಕಟ್ಟಿ ಮಳೆ ತಪ್ಪಿಸುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರು ಈ ರೋಗದ ಹಿಂದೆ ಬಿದ್ದು, 1910ರಲ್ಲಿ ಅದರ ಬಗೆಗೆ ಪ್ರಕಟಣೆ ಹೊರಡಿಸಿದರು. ಮುಂದೆ 1913ರಲ್ಲಿ ಅವರೇ ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾದರು. ಮೈಲುತುತ್ತು ಮತ್ತು ಸುಣ್ಣ ಸೇರಿಸಿ ಮಾಡುವ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ಪದ್ಧತಿ ಅಡಿಕೆ ಸೀಮೆಯಲ್ಲಿ ಬೇರೂರಿದ್ದು ಆ ಕೆಲಸದಿಂದ. ಅದರ ಗುಟ್ಟೆಲ್ಲ ಹೊತ್ತಿನಲ್ಲಿದೆ. ಮಳೆ ಹಿಡಿಯುವ ಮುಂಚೆಯೇ ಹೊಡೆದಿರಬೇಕು. ಕಾಯಿ ಉದುರತೊಡಗಿದ ಮೇಲೆ ಹೊಡೆದರೆ ಉಳಿದದ್ದನ್ನು ಕಾಯಬಹುದೇ ಹೊರತು ಹೋದದ್ದು ಬಾರದು. ನಮ್ಮ ಬಿಳಿ ಬೂಷ್ಟಿಗೂ ಇದೇ ನ್ಯಾಯ. ಅಲ್ಲಿ ಮಳೆಗೆ ಮುಂಚೆ, ಇಲ್ಲಿ ಬಿತ್ತನೆಗೆ ಮುಂಚೆ. ಮದ್ದು ಬೇರೆ, ಹೊತ್ತಿನ ಪಾಠ ಒಂದೇ.

ಹಾಗಾದರೆ ಏನು ಮಾಡಬೇಕು? ನಾವು ಊರಿಗೆ ಹೋಗುವ ಹೊತ್ತಿನಿಂದಲೇ ಎಣಿಸೋಣ. ಮಕ್ಕಳ ಶಾಲೆಗೆ ರಜೆ ಬಂದು, ಮೇ ತಿಂಗಳಲ್ಲಿ ನಮ್ಮಲ್ಲಿ ಬಹಳ ಮಂದಿ ಊರಿಗೆ ಹೋಗುತ್ತೇವೆ. ಮದುವೆ, ಜಾತ್ರೆ, ದೇವರ ಕೆಲಸ ಎಂದು ತಿರುಗುತ್ತೇವೆ. ಅದೇ ತಿಂಗಳು ಹೊಲ ಬೆತ್ತಲೆಯಾಗಿ ಬಿಸಿಲಿಗೆ ಒಡ್ಡಿಕೊಂಡಿರುತ್ತದೆ. ಈ ರೋಗಕ್ಕೆ ಅದಕ್ಕಿಂತ ಒಳ್ಳೆಯ ಮುಹೂರ್ತವಿಲ್ಲ.

ಮೊದಲನೆಯ ಕೆಲಸ, ಹಳೆಯ ಬೆಳೆಯ ಕಡ್ಡಿ, ಬೇರು, ಉದುರಿದ ಹೊಟ್ಟನ್ನು ಆರಿಸಿ ಹೊಲದಿಂದ ಹೊರಗೆ ಹಾಕುವುದು. ಬೂಷ್ಟು ಎದ್ದೊಡನೆ ಮೊದಲು ಹುಡುಕುವುದು ಕೊಳೆತ ಕಸವನ್ನು ಎಂದು ಹೇಳಿದೆವಷ್ಟೆ. ಆ ಬುತ್ತಿಯನ್ನು ಕಸಿದುಕೊಂಡರೆ ಅದರ ಅರ್ಧ ಬಲ ಇಳಿಯಿತು.

ಎರಡನೆಯದು, ಆಳವಾಗಿ ರಂಟೆ ಹೊಡೆಯುವುದು. ಮಣ್ಣು ಮಗುಚಿ ಬೀಳುವಂಥ ನೇಗಿಲಿನಿಂದ ಗೇಣುದ್ದ ಆಳಕ್ಕೆ ಉತ್ತರೆ ಮೇಲಿನ ಸಾಸಿವೆ ಕೆಳಗೆ ಹೂತುಹೋಗುತ್ತದೆ. ಆ ಆಳದಲ್ಲಿ ಗಾಳಿ ಸಾಲದೆ ಅದು ಮೊಳೆಯಲಾರದು. ಆದರೆ ಒಂದು ಎಚ್ಚರ. ಮರುವರ್ಷ ಮತ್ತೆ ಅಷ್ಟೇ ಆಳಕ್ಕೆ ಉತ್ತರೆ ಹೂತ ಹೆಣವನ್ನು ನಾವೇ ಅಗೆದು ಮೇಲೆ ತಂದಂತಾಗುತ್ತದೆ. ಒಮ್ಮೆ ಆಳ ಉತ್ತ ಮೇಲೆ ಒಂದೆರಡು ವರ್ಷ ಮೇಲೆಮೇಲೆ ಕುಂಟೆ ಹೊಡೆದರೆ ಸಾಕು.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು. ಏಕೆಂದರೆ ಇದಕ್ಕೆ ರೊಕ್ಕಕ್ಕಿಂತ ಮನಸ್ಸು ಬೇಕು. ರೋಗ ಬಿದ್ದ ಹೊಲಕ್ಕೆ ಎರಡು ಮೂರು ವರ್ಷ ಶೇಂಗಾ ಹಾಕಬಾರದು. ಶೇಂಗಾ ಬಿಟ್ಟು ಮೆಣಸಿನಕಾಯಿ, ಉಳ್ಳಾಗಡ್ಡಿ, ಸೋಯಾ, ಕಡಲೆ ಹಾಕಿದರೂ ಪ್ರಯೋಜನವಿಲ್ಲ. ಅವೂ ಅದರ ಊಟವೇ. ಜೋಳ, ಸಜ್ಜೆ, ಗೋವಿನಜೋಳ ಹಾಕಬೇಕು. ಇವನ್ನು ಈ ಬೂಷ್ಟು ಅಷ್ಟಾಗಿ ಮುಟ್ಟದು. ಊಟ ಸಿಗದೆ ಸಾಸಿವೆಗಳು ವರ್ಷವರ್ಷಕ್ಕೆ ಕಡಿಮೆಯಾಗುತ್ತ ಬರುತ್ತವೆ. ನಮ್ಮ ಅಣ್ಣ ಈ ಮಾತಿಗೆ ಒಪ್ಪಲು ಬಹಳ ದಿನ ಹಿಡಿಯಿತು. "ಜೋಳಕ್ಕ ಏನ್ ರೇಟು ಬರ್ತೈತಿ? ಸೊಸೈಟಿ ಸಾಲಾ ಯಾರ್ ತೀರಸಾವ್ರು?" ಎಂದ. ಅವನ ಪ್ರಶ್ನೆ ನ್ಯಾಯವಾದದ್ದು. ಪುಸ್ತಕದಲ್ಲಿ ಬೆಳೆ ಬದಲಿಸಿರಿ ಎಂದು ಬರೆಯುವವರಿಗೆ ಸಾಲದ ಕಂತು ಇರುವುದಿಲ್ಲ. ಆಗ ನಾವು ಹೇಳಿದೆವು: "ಔಷಧಕ್ಕೆಂದು ಕಳಿಸುತ್ತಿದ್ದ ಹಣವನ್ನು ಆ ಎರಡು ವರ್ಷ ಕಂತಿಗೆ ಕಳಿಸುತ್ತೇವೆ, ನೀನು ಜೋಳ ಹಾಕು." ಹಾಗೆಯೇ ಮಾಡಿದೆವು. ಜೋಳದಿಂದ ಲಾಭ ಹೆಚ್ಚು ಬರಲಿಲ್ಲ. ದನಗಳಿಗೆ ಮೇವಾಯಿತು, ಮನೆಗೆ ರೊಟ್ಟಿಯಾಯಿತು.

ನಾಲ್ಕನೆಯದು ಬಿತ್ತುವ ಹೊತ್ತಿನ ಕೆಲಸ. ಬೂಷ್ಟನ್ನು ತಿನ್ನುವ ಬೂಷ್ಟು ಒಂದುಂಟು. ಅದರ ಹೆಸರು ಟ್ರೈಕೋಡರ್ಮಾ. ಹಸಿರು ಬಣ್ಣದ್ದು. ಅದು ಶತ್ರುವಿನ ನೂಲಿಗೆ ಬಳ್ಳಿಯಂತೆ ಸುತ್ತಿಕೊಂಡು ಅದನ್ನು ಕರಗಿಸಿ ಹೀರುತ್ತದೆ. ಸಾಸಿವೆಯ ಒಳಗೂ ಹೊಕ್ಕು ಅದನ್ನು ಟೊಳ್ಳು ಮಾಡಬಲ್ಲುದು. ಇದನ್ನು ಪುಡಿಯ ರೂಪದಲ್ಲಿ ಮಾರುತ್ತಾರೆ. ಬೀಜಕ್ಕೆ ಕಿಲೋಗೆ 4 ಗ್ರಾಂನಂತೆ ಸ್ವಲ್ಪ ಅಂಟುನೀರಿನಲ್ಲಿ ಸವರಿ, ನೆರಳಿನಲ್ಲಿ ಆರಿಸಿ ಬಿತ್ತಬೇಕು. ಮಣ್ಣಿಗೆ ಹಾಕುವುದಾದರೆ ಎಕರೆಗೆ ಒಂದೆರಡು ಕಿಲೋ ಪುಡಿಯನ್ನು ಚೆನ್ನಾಗಿ ಕಳಿತ ಒಂದು ಕ್ವಿಂಟಲ್ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ, ನೀರು ಚಿಮುಕಿಸಿ, ನೆರಳಿನಲ್ಲಿ ಗೋಣಿತಟ್ಟು ಮುಚ್ಚಿ ಒಂದೆರಡು ವಾರ ಇಡಬೇಕು. ಮೊಸರಿಗೆ ಹೆಪ್ಪು ಹಾಕಿದ ಹಾಗೆ ಗೊಬ್ಬರವೆಲ್ಲ ಅದರಿಂದ ತುಂಬಿಕೊಳ್ಳುತ್ತದೆ. ಅನಂತರ ನೆಲದಲ್ಲಿ ಹಸಿ ಇರುವಾಗ ಬಿತ್ತುವ ಸಾಲಿಗೆ ಹಾಕಬೇಕು. ಬೇವಿನ ಹಿಂಡಿ ಕೂಡಿಸಿದರೆ ಇನ್ನೂ ಒಳ್ಳೆಯದು. ಆದರೆ ಇದು ಜೀವವಿರುವ ವಸ್ತು ಎಂಬುದನ್ನು ಮರೆಯಬಾರದು. ಪೊಟ್ಟಣದ ಮೇಲಿನ ತಾರೀಖು ಮುಗಿದಿದ್ದರೆ ಅದು ಬರೀ ಸುಣ್ಣದ ಪುಡಿಗೆ ಸಮ. ಬಿಸಿಲಿನಲ್ಲಿಟ್ಟರೆ ಸಾಯುತ್ತದೆ. ಬೋರ್ಡೋ ದ್ರಾವಣವನ್ನೋ ಇತರ ಶಿಲೀಂಧ್ರನಾಶಕಗಳನ್ನೋ ಇದರ ಜತೆಯಲ್ಲಿಯೇ ಹಾಕಿದರೆ ನಾವು ಕರೆದ ಕಾವಲುಗಾರನನ್ನು ನಾವೇ ಕೊಂದಂತೆ.

ನಮ್ಮ ಖಾಡಿಯ ಆಚೆ ದಡದ ಟ್ರಾಂಬೆಯನ್ನು ನಾವೆಲ್ಲ ಅಣುಶಕ್ತಿಯ ಊರೆಂದು ಬಲ್ಲೆವು. ಅಲ್ಲಿನ ಭಾಭಾ ಅಣುಸಂಶೋಧನ ಕೇಂದ್ರದಲ್ಲಿ ವಿಕಿರಣದ ನೆರವಿನಿಂದ ಶೇಂಗಾದ ಹೊಸ ತಳಿಗಳನ್ನು ಪಡೆದಿದ್ದಾರೆ. ಟಿಎಜಿ-24 ಎಂಬ ತಳಿಯ ಹೆಸರು ನಮ್ಮ ಕಡೆಯ ರೈತರಿಗೂ ಪರಿಚಿತ. ಅದೇ ಕೇಂದ್ರದವರು ಟ್ರೈಕೋಡರ್ಮಾವನ್ನು ಗಾಮಾ ಕಿರಣಕ್ಕೆ ಒಡ್ಡಿ, ಮೊದಲಿಗಿಂತ ಚುರುಕಾದ ಒಂದು ಬಗೆಯನ್ನು ಆರಿಸಿದ್ದಾರೆ. ದಿನಾಲು ಮಾನ್‌ಖುರ್ದ್ ದಾಟಿ ಸೇತುವೆಯ ಮೇಲೆ ಬರುವಾಗ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು, ನಮ್ಮ ಊರಿನ ಹೊಲದ ಚಿಂತೆ ಮಾಡುವವರು ಇಲ್ಲಿಯೇ ಪಕ್ಕದಲ್ಲಿ ಇದ್ದಾರೆಂದು?

ಟ್ರೈಕೋಡರ್ಮಾ ಬೇಡ, ಬೀಜಕ್ಕೆ ರಾಸಾಯನಿಕವನ್ನೇ ಸವರುತ್ತೇವೆ ಎನ್ನುವವರಿಗೆ ಟೆಬುಕೊನಜೋಲ್‌ನಂಥ ಬೀಜೋಪಚಾರದ ಔಷಧಗಳಿವೆ. ಎಷ್ಟು ಗ್ರಾಂ ಎಂಬುದನ್ನು ಪೊಟ್ಟಣ ಓದಿಯೋ, ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಯೋ ನಿಶ್ಚಯಿಸಬೇಕು. ಅಂಗಡಿಯವರು ಕೊಟ್ಟದ್ದೇ ಪ್ರಸಾದ ಎನ್ನಬಾರದು. ಎಲೆಚುಕ್ಕೆಯನ್ನು ತಡೆಯುವ ತಳಿ ಎಂದಮಾತ್ರಕ್ಕೆ ಅದು ಬುಡಕೊಳೆಯನ್ನೂ ತಡೆಯುತ್ತದೆಂದು ನಂಬಲೂ ಬಾರದು.

ಬೆಳೆ ನಿಂತಿರುವಾಗ ಮಾಡತಕ್ಕದ್ದು ಸ್ವಲ್ಪ. ಎಡೆ ಹೊಡೆಯುವಾಗ ಎಲೆ ಕೊಂಬೆಗಳ ಮೇಲೆ ಮಣ್ಣು ಮುಚ್ಚದಂತೆ ನೋಡಬೇಕು. ಮುಚ್ಚಿದ ಎಲೆ ಕೊಳೆತು ಬೂಷ್ಟಿಗೆ ಬುತ್ತಿಯಾಗುತ್ತದೆ. ನೀರು ನಿಲ್ಲಬಾರದು. ಗಿಡ ಬಾಡಿದ್ದು ಕಂಡೊಡನೆ ಕಾಳು ಕಟ್ಟುವುದಕ್ಕೆ ಬಿಡದೆ, ಬುಡದ ಹಿಡಿ ಮಣ್ಣಿನ ಸಮೇತ ಚೀಲದಲ್ಲಿ ತುಂಬಿ ಹೊರಗೆ ಒಯ್ದು ಸುಡಬೇಕು. ಬದುವಿನ ಮೇಲೆ ಎಸೆದರೆ ಮಳೆ ನೀರು ಮತ್ತೆ ಹೊಲಕ್ಕೇ ತರುತ್ತದೆ. ರೋಗದ ತೇಪೆಯಲ್ಲಿ ಓಡಾಡಿದ ಕಾಲು, ಕುಡುಗೋಲು, ಕುಂಟೆಗಳನ್ನು ತೊಳೆದು ಒಳ್ಳೆಯ ಹೊಲಕ್ಕೆ ಇಳಿಯಬೇಕು. ಔಷಧ ಹಾಕಲೇಬೇಕೆಂದಾದರೆ ಅದು ಗಿಡದ ಬುಡಕ್ಕೆ ಇಳಿಯುವಂತೆ ಹಾಕಬೇಕು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡೇ ಹಾಕಬೇಕು. ಹರಗುವ ಹೊತ್ತಿಗೆ, ರೋಗ ಬಿದ್ದ ಕಡೆಯ ಕಾಯನ್ನು ಬೀಜಕ್ಕೆ ಎತ್ತಿಡಬಾರದು. ಕೊಳೆತದ್ದನ್ನು ತಿನ್ನುವುದಕ್ಕೂ ಬಳಸಬಾರದು.

ಸಂದೇಹ ಬಂದರೆ ಕೇಂದ್ರ ಸರಕಾರದ ಕಿಸಾನ್ ಕಾಲ್ ಸೆಂಟರಿಗೆ 1800-180-1551 ಎಂಬ ಸಂಖ್ಯೆಯಲ್ಲಿ ಕನ್ನಡದಲ್ಲಿಯೇ ಕೇಳಬಹುದು, ಖರ್ಚಿಲ್ಲ. ಊರಲ್ಲಿರುವ ಅಣ್ಣ ತಮ್ಮಂದಿರಿಗೆ ಸಂಕೋಚವಾದರೆ ನಾವೇ ಮೊದಲು ಕೇಳಿ ಅವರಿಗೆ ಹೇಳೋಣ.

ಈಗ ನಮ್ಮ ಬಾಗಿಲಿನ ಮಾತಿಗೆ ಬರುತ್ತೇವೆ. ಈ ವಾಚನಾಲಯದ ಜಗಲಿಯಲ್ಲಿ ನಾಲ್ಕು ಕುಂಡಗಳಿದ್ದುದನ್ನು ನೀವು ನೋಡಿದ್ದೀರಿ. ಊರಿನ ಮಣ್ಣಿನಲ್ಲಿ ಊರಿನ ಮಲ್ಲಿಗೆ ಬೆಳೆಯಲಿ ಎಂಬ ಅಕ್ಕರೆಯಿಂದ ಉಡುಪಿ ಕಡೆಯಿಂದ ಒಂದು ಚೀಲ ಮಣ್ಣು, ಜತೆಗೆ ಒಂದು ಮಲ್ಲಿಗೆ ಗಿಡ ತಂದು ನೆಟ್ಟೆವು. ಮಳೆಗಾಲದಲ್ಲಿ ಮಲ್ಲಿಗೆ ಬಾಡಿತು. ಬುಡದಲ್ಲಿ ಬಿಳಿ ನೂಲು ಕಂಡಿತು. ಗಿಡವನ್ನು ಕಿತ್ತೆಸೆದೆವು, ಆದರೆ ಮಣ್ಣು ಊರಿನದಲ್ಲವೇ, ಎಸೆಯಲು ಮನಸ್ಸು ಬರಲಿಲ್ಲ. ಅದನ್ನು ಉಳಿದ ಮೂರು ಕುಂಡಗಳಿಗೆ ಹಂಚಿದೆವು. ತುಳಸಿ ಹೋಯಿತು, ಮೆಣಸಿನ ಗಿಡ ಹೋಯಿತು, ಟೊಮೇಟೋ ಹೋಯಿತು. ಊರಿನ ಹೊಲದಲ್ಲಿ ಅಣ್ಣ ಮಾಡಿದ ತಪ್ಪನ್ನು ನಾಲ್ಕು ಕುಂಡಗಳಲ್ಲಿ ನಾವು ಮಾಡಿದೆವು. ಓದಿದವರೆಂಬ ಹೆಮ್ಮೆ ಅಲ್ಲಿಗೆ ಇಳಿಯಿತು.

ಆಮೇಲೆ ಹೋಟೆಲಿನಲ್ಲಿ ದುಡಿಯುವ ನಮ್ಮ ಸದಸ್ಯರೊಬ್ಬರು ಉಪಾಯ ಹೇಳಿದರು. ಇಡ್ಲಿ ಬೇಯಿಸಿದ ಹಾಗೆ ಮಣ್ಣನ್ನೂ ಬೇಯಿಸಿದರಾಯಿತು ಎಂದರು. ನಗೆಯ ಮಾತಲ್ಲ, ಶಾಸ್ತ್ರದ ಮಾತೇ. ಅಡಿಗೆಗೆ ಬಳಸದ ಹಳೆಯ ಪಾತ್ರೆಯಲ್ಲಿ ತಳಕ್ಕೆ ನೀರು, ಮೇಲೆ ತಟ್ಟೆಯಲ್ಲಿ ತೇವದ ಮಣ್ಣು ಇಟ್ಟು, ಮುಚ್ಚಿ, ಮಣ್ಣು ನಡುವಿನವರೆಗೆ ಬಿಸಿಯಾದ ಮೇಲೆ ಅರ್ಧ ಗಂಟೆ ಆವಿ ಕೊಟ್ಟರೆ ಸಾಸಿವೆ ಸಾಯುತ್ತದೆ. ಹೆಚ್ಚು ಮಣ್ಣಿದ್ದರೆ ಬಿಸಿಲೇ ಒಲೆ. ಏಪ್ರಿಲ್ ಮೇ ತಿಂಗಳಲ್ಲಿ ಮಾಳಿಗೆಯ ಮೇಲೆ ತೇವದ ಮಣ್ಣನ್ನು ತೆಳ್ಳಗೆ ಹರಡಿ, ಬಣ್ಣವಿಲ್ಲದ ಪ್ಲಾಸ್ಟಿಕ್ ಹಾಳೆಯಿಂದ ಗಾಳಿಯಾಡದಂತೆ ಮುಚ್ಚಿ ನಾಲ್ಕರಿಂದ ಆರು ವಾರ ಬಿಡಬೇಕು. ಇಸ್ರೇಲಿನ ಯಾಕೋವ್ ಕಟಾನ್ ಮತ್ತು ಸಂಗಡಿಗರು 1976ರಲ್ಲಿ ಈ ಪದ್ಧತಿಯನ್ನು ಲೋಕಕ್ಕೆ ತಿಳಿಸಿದರು. ಊರಿನ ಸಸಿಮಡಿಗಳಿಗೂ ಇದು ತಕ್ಕುದು. ಮೆಣಸಿನ ಸಸಿ, ಟೊಮೇಟೋ ಸಸಿ ಮಾಡುವವರು ಬೇಸಿಗೆಯಲ್ಲಿ ಮಡಿಯನ್ನು ಹೀಗೆ ಮುಚ್ಚಿದರೆ ರೋಗವಿಲ್ಲದ ಸಸಿ ಸಿಗುತ್ತದೆ. ಬೆಂದ ಮಣ್ಣಿನಲ್ಲಿ ಒಳ್ಳೆಯ ಜೀವಗಳೂ ಸತ್ತಿರುತ್ತವೆಂದು ಒಂದು ಚಮಚ ಟ್ರೈಕೋಡರ್ಮಾ, ಒಂದು ಹಿಡಿ ಕಳಿತ ಗೊಬ್ಬರ ಬೆರೆಸಿ ಮತ್ತೆ ತುಳಸಿ ನೆಟ್ಟೆವು. ಈ ದಿನ ಒಳಗೆ ಬರುವಾಗ ನೀವು ನೋಡಿದ ತುಳಸಿ ಅದೇ.

ಅಣ್ಣನ ಹೊಲ ಏನಾಯಿತು ಎಂದು ಕೇಳುವಿರಿ. ಎರಡು ವರ್ಷ ಜೋಳವಾದ ಮೇಲೆ ಮೇ ತಿಂಗಳಲ್ಲಿ ನಾವೂ ಹೋಗಿ ಕಸ ಆರಿಸಿದೆವು, ಗೊಬ್ಬರಕ್ಕೆ ಹೆಪ್ಪು ಹಾಕಿದೆವು, ಅಣ್ಣ ಶೇಂಗಾ ಬಿತ್ತಿದ. ರೋಗ ಪೂರ್ತಿ ಹೋಯಿತೆಂದು ಹೇಳಿದರೆ ಸುಳ್ಳಾದೀತು. ಹೊಲದ ತಗ್ಗಿನಲ್ಲಿ, ನೀರು ನಿಲ್ಲುವ ಕಡೆ, ಇಂದಿಗೂ ಎರಡು ತೇಪೆ ಬೀಳುತ್ತವೆ. ಆದರೆ ಉಳಿದ ಹೊಲದಲ್ಲಿ ಗಿಡ ಜಗ್ಗಿದರೆ ಕಾಯಿ ಗಿಡದೊಂದಿಗೇ ಬರುತ್ತದೆ. ಈ ರೋಗವನ್ನು ಬೇರುಸಹಿತ ಕಿತ್ತೊಗೆಯುವೆವೆಂದು ಹೊರಡುವುದು ಬೇಡ. ಬಾಗಿಲ ಹೊರಗೆ ಇಟ್ಟುಕೊಂಡು ಬಾಳುವುದನ್ನು ಕಲಿತರೆ ಸಾಕು.

ಕೊನೆಯದಾಗಿ ಒಂದು ಬಿನ್ನಹ. ನಾವು ಊರಿಗೆ ಹಣ ಕಳಿಸುವುದು ಸಾಮಾನ್ಯವಾಗಿ ಕಷ್ಟದ ಸುದ್ದಿ ಬಂದ ಮೇಲೆ. ಗಿಡ ಒಣಗಿದ ಮೇಲೆ ಕಳಿಸಿದ ಮೂರು ಸಾವಿರ ನಮ್ಮ ಕೈಯಿಂದಲೂ ಹೋಯಿತು, ಹೊಲಕ್ಕೂ ಉಪಯೋಗವಾಗಲಿಲ್ಲ. ಅದರಲ್ಲಿ ಅರ್ಧವನ್ನು ಮೇ ತಿಂಗಳಲ್ಲಿ ಉಳುಮೆಗೆ, ಗೊಬ್ಬರಕ್ಕೆ, ಬೀಜೋಪಚಾರಕ್ಕೆ ಕಳಿಸಿದ್ದರೆ ಕಾಯಿ ಮನೆಗೆ ಬರುತ್ತಿತ್ತು. ಸಣ್ಣ ಸಂಬಳದವರು ನಾವು. ನಮ್ಮ ಒಂದೊಂದು ರೂಪಾಯಿಯ ಹಿಂದೆ ಓವರ್‌ಟೈಮಿನ ರಾತ್ರಿಗಳಿವೆ. ಅದು ಹೊತ್ತಿಗೆ ಸರಿಯಾಗಿ ಮಣ್ಣು ಸೇರಲಿ. ಈ ಸಲ ಊರಿಗೆ ಹೋದಾಗ ಮನೆಯೊಳಗೆ ಹೋಗುವ ಮುಂಚೆ ಒಮ್ಮೆ ಹೊಲಕ್ಕೆ ಹೋಗಿರಿ. ಹಳೆಯ ಗಿಡದ ಬುಡದಲ್ಲಿ ಮಣ್ಣನ್ನು ಕೈಯಿಂದ ಕೆದಕಿರಿ. ಸಾಸಿವೆ ಕಂಡರೆ ಗಾಬರಿಯಾಗಬೇಡಿರಿ. ಬಿತ್ತುವುದಕ್ಕೆ ಇನ್ನೂ ಒಂದು ತಿಂಗಳಿದೆ.